ತನ್ನದೇ ಮೊಳೆ ಎತ್ತಿದ ಕಮ್ಮಾರ

"ಗುರುಗಳೇ, ಈ ಆಗಮನ ಕಾಲದಲ್ಲಿ ನನ್ನ ಪಾಲಿಗೆ ಬಂದ ಸೇವೆಯನ್ನೆಲ್ಲ ಮಾಡಿ ಮುಗಿಸಿದ್ದೇನೆ. ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ತಿಳಿಯುವುದು ಹೇಗೆ?"

ಕೇಳಿದವನು ಇನ್ನಾಸಪ್ಪ. ಊರೂರಿನಲ್ಲಿ ಧರ್ಮ ಬೋಧಿಸುವ ಉಪದೇಶಿಯಾಗಬೇಕೆಂದು ಗುಡ್ಡದ ಮೇಲಿನ ಆಶ್ರಮಕ್ಕೆ ಕಲಿಯಲು ಬಂದಿದ್ದ ಶಿಷ್ಯ. ಆಗಮನ ಕಾಲ, ಅಂದರೆ ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ವಾರ, ಮುಗಿಯಲು ಇನ್ನು ಕೆಲವೇ ದಿನಗಳಿದ್ದವು. ಅವನು ಸುತ್ತಲ ಹಳ್ಳಿಗಳನ್ನೆಲ್ಲ ತಿರುಗಿ ಕಂಬಳಿ ಹಂಚಿದ್ದ, ಕಾಯಿಲೆಯವರ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದ, ಬಿರುಕು ಬಿಟ್ಟ ಗೋಡೆಗಳಿಗೆ ಮಣ್ಣು ಮೆತ್ತಿದ್ದ. ಆಗ ತಾನೇ ಬಿಸಿನೀರಲ್ಲಿ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಗುರುಗಳ ಮುಂದೆ ಬಂದು ಕುಳಿತಿದ್ದ. ಅಡುಗೆಮನೆಯಲ್ಲಿ ಆಶ್ರಮದ ಅಡುಗೆಯ ಮುದುಕ ಚೌರಪ್ಪ ಕೆಮ್ಮುವುದು ಕೇಳುತ್ತಿತ್ತು. ಆಶ್ರಮದ ಬಾವಿ ಗುಡ್ಡದ ಬುಡದಲ್ಲಿತ್ತು.

ಗುರುಗಳು ಆ ಕೆಮ್ಮು ನಿಲ್ಲುವವರೆಗೆ ಕಾದರು.

"ಒಬ್ಬ ಕಮ್ಮಾರನಿದ್ದ," ಎಂದರು. "ನಿನ್ನ ಹಾಗೆಯೇ ಒಳ್ಳೆಯ ಕೆಲಸಗಾರ. ಅವನ ಕತೆ ಕೇಳು."

ಕಮ್ಮಾರನ ಊರಿನಲ್ಲಿ ಒಂದು ಪದ್ಧತಿ ಇತ್ತು. ಆಗಮನ ಕಾಲದ ಮೊದಲನೆಯ ಭಾನುವಾರ ಪೂಜೆ ಮುಗಿದ ಮೇಲೆ, ಬಾಯಿ ಕಿರಿದಾದ ಒಂದು ಮಡಕೆಯನ್ನು ಬಲಿಪೀಠದ ಮುಂದೆ ಇಡುತ್ತಿದ್ದರು. ಪ್ರತಿ ಮನೆಯವರೂ ತಮ್ಮ ಮನೆಯ ಗುರುತಾಗಿ ಒಂದು ವಸ್ತುವನ್ನು ಅದರೊಳಗೆ ಹಾಕಬೇಕು. ಕುಂಬಾರನ ಮನೆಯಿಂದ ಮಡಕೆಯ ಚೂರು, ಬಡಗಿಯ ಮನೆಯಿಂದ ಮರದ ಚಕ್ಕೆ, ದರ್ಜಿಯ ಮನೆಯಿಂದ ಅಂಗಿಯ ಗುಂಡಿ, ಸೂಲಗಿತ್ತಿಯ ಮನೆಯಿಂದ ಅರಿಶಿನದ ಕೊಂಬು, ಕಮ್ಮಾರನ ಮನೆಯಿಂದ ಮೊಳೆ. ಆಮೇಲೆ ಮನೆಗೊಬ್ಬರು ಬಂದು, ನೋಡದೆ ಕೈ ಹಾಕಿ, ಒಂದನ್ನು ಎತ್ತಿಕೊಳ್ಳಬೇಕು. ಯಾವ ಮನೆಯ ಗುರುತು ಕೈಗೆ ಬಂತೋ ಆ ಮನೆಗೆ ಕ್ರಿಸ್ತ ಜಯಂತಿಯವರೆಗೆ ಗುಟ್ಟಾಗಿ ಸೇವೆ ಮಾಡಬೇಕು. ಮಾಡಿದವನು ಹೇಳಬಾರದು. ಮಾಡಿಸಿಕೊಂಡವನು ಕೇಳಬಾರದು. ಹಬ್ಬದ ಬೆಳಿಗ್ಗೆ ಆ ಗುರುತನ್ನು ಆ ಮನೆಯವರ ಕೈಗೆ ಕೊಟ್ಟಾಗಲೇ ಗುಟ್ಟು ಒಡೆಯುವುದು. ತನ್ನದೇ ಗುರುತು ಸಿಕ್ಕಿದರೆ ಅದನ್ನು ಮಡಕೆಗೆ ವಾಪಸು ಹಾಕಿ ಬೇರೆ ಎತ್ತಬೇಕು. ಇಷ್ಟೇ ನಿಯಮ. ಊರಿನ ಹಿರಿಯರು ಮಾಡಿದ್ದು, ಯಾರೂ ಮುರಿದಿರಲಿಲ್ಲ.

ಆ ವರ್ಷ ಕಮ್ಮಾರ ಮಡಕೆಗೆ ಕೈ ಹಾಕಿದಾಗ ಬೆರಳಿಗೆ ಮೊಳೆ ತಾಕಿತು. ಚೌಕದ ತಲೆಯ ಮೊಳೆ. ಹಿಂದಿನ ದಿನ ತಾನೇ ಬಡಿದದ್ದು. ಅದನ್ನು ಗುರುತಿಸಲು ಅವನಿಗೆ ಕಣ್ಣು ಬೇಕಿರಲಿಲ್ಲ.

ಬಿಟ್ಟುಬಿಡಬಹುದಿತ್ತು. ಪಕ್ಕದಲ್ಲೇ ಇನ್ನೇನೋ ತಾಕುತ್ತಿತ್ತು. ಆದರೆ ಅವನ ಕೈ ಅಲ್ಲೇ ನಿಂತಿತು. ಅವನೇನೂ ಕೆಟ್ಟವನಲ್ಲ, ದಣಿದವನು. ಹೋದ ವರ್ಷ ಅವನ ಕೈಗೆ ಬಂದದ್ದು ಹಾಸಿಗೆ ಹಿಡಿದ ಮುದುಕನೊಬ್ಬನ ಮನೆ. ಕದ್ದು ಹೋಗಿ ಸೌದೆ ಒಡೆದು, ಸೂರು ಹೊದಿಸಿ, ಕೊಟ್ಟಿಗೆ ಬಳಿದು ಅವನ ಸೊಂಟ ಬಿದ್ದುಹೋಗಿತ್ತು. ಈ ವರ್ಷವೋ ಕೊಯ್ಲು ಜೋರು. ಕುಲುಮೆಯ ಮುಂದೆ ಊರಿನ ಕುಡುಗೋಲುಗಳೆಲ್ಲ ರಾಶಿ ಬಿದ್ದಿದ್ದವು.

ಅವನ ತಲೆ ಚುರುಕಾಗಿ ಓಡಿತು. ನನ್ನ ಗುರುತು ನನ್ನಲ್ಲೇ ಇದ್ದರೆ ಮಿಕ್ಕವರಿಗೆ ಮಿಕ್ಕವರ ಗುರುತು ಸಿಗುತ್ತದೆ. ಯಾವ ಮನೆಗೂ ಸೇವೆ ತಪ್ಪುವುದಿಲ್ಲ. ನನಗೊಬ್ಬನಿಗೆ ಬರಬೇಕಾದ್ದು ಬರುವುದಿಲ್ಲ, ಅಷ್ಟೇ ತಾನೇ? ಬೇಡ ಬಿಡು. ಇದರಲ್ಲಿ ಯಾರಿಗೆ ನಷ್ಟ?

ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಮಾಡುವ ಮುಂಚೆ ಎಲ್ಲರ ಲೆಕ್ಕವೂ ಸರಿಯಾಗಿಯೇ ಇರುತ್ತದೆ.

ಅವನು ಮುಷ್ಟಿ ಬಿಗಿಹಿಡಿದು ಕೈಯನ್ನು ಹೊರಗೆ ತೆಗೆದ. ಹಿಂದೆ ನಿಂತಿದ್ದ ಬಡಗಿ ಗಂಟಲು ಸರಿಮಾಡಿಕೊಂಡ. ತನ್ನನ್ನು ನೋಡಿಬಿಟ್ಟನೆಂದು ಕಮ್ಮಾರ ಹೆದರಿದ. ತಿರುಗಿ ನೋಡದೆ ಮನೆಗೆ ಹೋಗಿ, ಮೊಳೆಯನ್ನು ಚಿಂದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಹೆಂಡತಿಗೆ ದಿನ ತುಂಬುತ್ತಿತ್ತು. ಮೊದಲನೆಯ ಬಸಿರು. ಅವಳಿಗೆ ತವರಿರಲಿಲ್ಲ, ಹೆರಿಗೆ ಇಲ್ಲೇ ಆಗಬೇಕಿತ್ತು. ಮದುವೆಯಾದಂದಿನಿಂದ ಬೆಳಗಿನ ಜಾವ ಎದ್ದು ಕುಲುಮೆಯ ಇದ್ದಲು ಒಡೆದು ಜರಡಿ ಹಿಡಿಯುವುದು, ಬಾವಿಯಿಂದ ನೀರು ಹೊತ್ತು ಕಬ್ಬಿಣ ಅದ್ದುವ ಕಲ್ಲುತೊಟ್ಟಿ ತುಂಬಿಸುವುದು ಅವಳ ಕೆಲಸ. ಇದ್ದಲು ಒಡೆಯುವ ಸದ್ದು ನಿಂತಾಗ ಕಮ್ಮಾರ ಏಳುತ್ತಿದ್ದ.

ಮಡಕೆಯ ಭಾನುವಾರ ಕಳೆದು ಸೋಮವಾರ ಬೆಳಗಾಯಿತು. ಎಂದಿನಂತೆ ಮಂಪರಿನಲ್ಲೇ ಅವನ ಕಿವಿಗೆ ಸದ್ದು ಬಿತ್ತು. ಟಕ್, ಟಕ್. ಮಗ್ಗುಲು ಬದಲಿಸಿದ. ಕೈ ಹೆಂಡತಿಗೆ ತಾಕಿತು. ಅವಳು ಪಕ್ಕದಲ್ಲೇ ಮಲಗಿ ಗಾಢವಾಗಿ ನಿದ್ದೆ ಮಾಡುತ್ತಿದ್ದಳು.

ಕಮ್ಮಾರ ದಡಬಡಿಸಿ ಎದ್ದು ಕೂತ. ಸದ್ದು ನಿಂತಿತು. ಕುಲುಮೆ ಇದ್ದದ್ದು ಮನೆಯ ಹಿಂದೆ. ಅವನು ಬಾಗಿಲು ತೆಗೆದು ಸುತ್ತಿಕೊಂಡು ಹೋಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಇದ್ದಲು ಒಡೆದು, ಜರಡಿ ಹಿಡಿದು, ಗುಡ್ಡೆ ಹಾಕಿತ್ತು. ತೊಟ್ಟಿ ತುಂಬಿತ್ತು.

ಅವನು ಹೆದರಿ ಸೊಂಟದ ಚಿಂದಿಯನ್ನು ಮುಟ್ಟಿ ನೋಡಿಕೊಂಡ.

ಇದರಲ್ಲಿ ಹೆದರುವುದೇನಿದೆ ಎಂದು ನೀನು ಕೇಳಬಹುದು. ಬೇರೆ ಊರಿನವನಾಗಿದ್ದರೆ ಸಂತೋಷಪಡುತ್ತಿದ್ದ. ಆದರೆ ಆ ಊರಿನಲ್ಲಿ ಆಗಮನ ಕಾಲದಲ್ಲಿ ಒಂದು ಮನೆಗೆ ಗುಟ್ಟಾಗಿ ಸೇವೆ ನಡೆದರೆ, ಆ ಮನೆಯ ಗುರುತು ಯಾರದೋ ಕೈಯಲ್ಲಿದೆ ಎಂದೇ ಅರ್ಥ. ಇವನ ಮನೆಯ ಗುರುತು ಇವನ ಸೊಂಟದಲ್ಲೇ ಇತ್ತು. ಹಾಗಾದರೆ ಇದ್ದಲು ಒಡೆದವರು ಯಾರು? ಏಕೆ? ಎಷ್ಟು ಯೋಚಿಸಿದರೂ ಅವನಿಗೆ ಹೊಳೆದದ್ದು ಒಂದೇ ಉತ್ತರ. ಯಾರಿಗೋ ಗೊತ್ತಾಗಿದೆ. ಗೊತ್ತಿದ್ದೂ ಬಾಯಿಬಿಡದೆ ಹೀಗೆ ಅಣಕಿಸುತ್ತಿದ್ದಾರೆ. ಹಬ್ಬದ ಬೆಳಿಗ್ಗೆ ಎಲ್ಲರ ಮುಂದೆ ಎದ್ದು ನಿಂತು, ಕಮ್ಮಾರನ ಮೊಳೆ ಎಲ್ಲಿ ಎಂದು ಕೇಳುತ್ತಾರೆ.

ಹೆಂಡತಿ ಎದ್ದು ಬಂದಳು. ಒಡೆದಿದ್ದ ಇದ್ದಲನ್ನು ನೋಡಿದಳು, ಅದರ ಪಕ್ಕ ನಿಂತಿದ್ದ ಗಂಡನನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ಪದ್ಧತಿ ನೆನಪಾಗಿ ತುಟಿ ಕಚ್ಚಿಕೊಂಡು ನಕ್ಕಳು. ಒಳಗೆ ಹೋಗಿ ಅವನಿಗೆ ಬಿಸಿ ರೊಟ್ಟಿ ತಟ್ಟಿದಳು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಎದ್ದು ಹೋಗಿ ಹಿಡಿಯಬಹುದಿತ್ತಲ್ಲ ಎನ್ನುತ್ತೀಯಾ? ಹಿಡಿಯಬಹುದಿತ್ತು. ಆದರೆ ಇವನು ಅವರನ್ನು ನೋಡಿದರೆ ಅವರೂ ಇವನನ್ನು ನೋಡುತ್ತಾರೆ. ಎದುರುಬದುರು ನಿಂತು, ನಿನ್ನ ಸೊಂಟದಲ್ಲಿ ಇರುವುದೇನು ಎಂದು ಕೇಳಿಬಿಟ್ಟರೆ? ಅದಕ್ಕೇ ಅವನು ಹಾಸಿಗೆಯಲ್ಲೇ ಬಿದ್ದುಕೊಂಡು, ಕಣ್ಣು ಬಿಟ್ಟುಕೊಂಡು, ಆ ಟಕ್ ಟಕ್ ಸದ್ದನ್ನು ಕೇಳುತ್ತಿದ್ದ. ಪ್ರತಿ ಏಟೂ ತನ್ನ ತಲೆಯ ಮೇಲೇ ಬಿದ್ದಂತಾಗುತ್ತಿತ್ತು. ಸದ್ದು ನಿಂತ ಮೇಲೆ, ಹೆಂಡತಿ ಏಳುವ ಮುಂಚೆಯೇ ಎದ್ದು ಕುಲುಮೆಗೆ ಹೋಗುತ್ತಿದ್ದ.

ಅವನಿಗೆ ಊಟ ಸೇರಲಿಲ್ಲ. ಕುಡುಗೋಲಿನ ಹದ ತಪ್ಪಿತು. ಕುಲುಮೆಗೆ ಬಂದವರ ಮುಖವನ್ನೆಲ್ಲ ಗುಮಾನಿಯಿಂದ ನೋಡಿದ. ಕುಂಬಾರ ನಕ್ಕರೆ ಯಾಕೆ ನಕ್ಕ, ದರ್ಜಿ ಮಾತಾಡದಿದ್ದರೆ ಯಾಕೆ ಮಾತಾಡಲಿಲ್ಲ. ಅವನಿಗೆ ಉಪಕಾರವೇ ಉರುಳಾಗಿತ್ತು.

ಒಂದು ದಿನ ಬಡಗಿ ತನ್ನ ಬಾಚಿ ತಂದ. ದೇವಾಲಯದಲ್ಲಿ ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಮರ ಕೆತ್ತುತ್ತಿದ್ದ, ಬಾಯಿ ಮೊಂಡಾಗಿತ್ತು.

"ಏನಣ್ಣ, ಈಚೆಗೆ ನಿನ್ನ ಕುಲುಮೆ ಬೇಗ ಹತ್ಕೊಳ್ತದೆ," ಎಂದ ಬಡಗಿ. "ಇದ್ದಲು ಒಳ್ಳೆ ಹದವಾಗಿ ಒಡೆದದೆ ಬಿಡು."

ಸುಮ್ಮನೆ ಆಡಿದ ಮಾತು. ಕಮ್ಮಾರನ ಕಿವಿ ಕೆಂಪಾಯಿತು. ಅವನಿಗೆ ಬಡಗಿಯ ಗಂಟಲ ಸದ್ದು ನೆನಪಾಯಿತು.

"ನಿನ್ನ ಬಾಚಿಗೆ ಸಾಣೆ ಹಿಡಿಯೋಕೆ ನನಗೆ ಪುರಸೊತ್ತಿಲ್ಲ. ಬೇರೆ ಕಡೆ ನೋಡ್ಕೊ."

"ಬೇರೆ ಕಡೆ ಅಂದ್ರೆ ಎಲ್ಲಿಗೆ ಹೋಗ್ಲಣ್ಣ? ಇರೋನು ನೀನೊಬ್ನೇ."

ಕಮ್ಮಾರ ಬೆನ್ನು ತಿರುಗಿಸಿ ಕುಡುಗೋಲು ಬಡಿಯತೊಡಗಿದ. ಬಡಗಿ ಮೊಂಡು ಬಾಚಿಯನ್ನು ಹೆಗಲಿಗೇರಿಸಿ ಹೊರಟುಹೋದ.

ಇತ್ತ ಹೆಂಡತಿ ದಿನದಿನಕ್ಕೆ ಗೆಲುವಾಗುತ್ತಿದ್ದಳು. ತನಗಿಲ್ಲದಿದ್ದರೂ ಅವನ ಮುದ್ದೆಗೆ ತುಪ್ಪ ಹಾಕುತ್ತಿದ್ದಳು. "ಈಗ ಸೊಂಟನೋವು ಎಷ್ಟೋ ವಾಸಿ," ಎಂದಳು ಒಮ್ಮೆ, ಅವನ ಮುಖವನ್ನೇ ನೋಡುತ್ತ. ಅವನ ಮನಸ್ಸು ಬಡಗಿಯ ಹಿಂದೆ ಹೋಗಿತ್ತು. ಅವನು ಹೂಂ ಎಂದ.

ಹಬ್ಬ ಹತ್ತಿರ ಬಂತು. ಆ ಮನುಷ್ಯ ಯಾರೆಂದು ಹಬ್ಬಕ್ಕೆ ಮುಂಚೆ ತಿಳಿಯಲೇಬೇಕು. ತಿಳಿದರೆ ಕಾಲು ಹಿಡಿದೋ, ಕತ್ತು ಹಿಡಿದೋ ಬಾಯಿ ಮುಚ್ಚಿಸಬಹುದು. ಆದರೆ ಅವರಿಗೆ ತಾನು ಕಾಣಿಸಬಾರದು. ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಕಮ್ಮಾರನಿಗೆ ಮಾತ್ರ ಹೊಳೆಯುವಂಥದ್ದು.

ಇದ್ದಲು ಒಡೆಯುವ ಸುತ್ತಿಗೆಗೆ ಮರದ ಹಿಡಿ ಇರಲಿಲ್ಲ. ತಲೆಯಿಂದ ಹಿಡಿಯವರೆಗೆ ಎಲ್ಲವೂ ಕಬ್ಬಿಣ. ಹೆಂಡತಿಯ ಕೈ ಜಾರದಿರಲೆಂದು ಅವನೇ ಆ ಹಿಡಿಯನ್ನು ಹಗ್ಗದ ಹಾಗೆ ಹೊಸೆದು ಮಾಡಿದ್ದ. ಕೆಂಪು ಆರಿದ ಕಬ್ಬಿಣಕ್ಕೂ ತಣ್ಣನೆಯ ಕಬ್ಬಿಣಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಮ್ಮಾರರ ಮನೆಗೆ ಬಂದವರು ಮೊದಲು ಕಲಿಯುವ ಪಾಠವೇ ಅದು. ಕೈಯ ಬೆನ್ನನ್ನು ಹತ್ತಿರ ಹಿಡಿದು ಕಾವು ನೋಡದೆ ಯಾವ ಕಬ್ಬಿಣವನ್ನೂ ಮುಟ್ಟಬಾರದು. ಹೊರಗಿನವರಿಗೆ ಆ ಪಾಠ ಗೊತ್ತಿರುವುದಿಲ್ಲ. ಕೈ ಸುಟ್ಟುಕೊಂಡವರು ಅದನ್ನು ಎಲ್ಲಿ ಬಚ್ಚಿಡುತ್ತಾರೆ? ಭಾನುವಾರ ಪೂಜೆಯಲ್ಲಿ ಪರಮಪ್ರಸಾದ ಪಡೆಯಲು ಎಲ್ಲರೂ ಅಂಗೈ ಚಾಚುತ್ತಾರೆ.

ಶುಕ್ರವಾರ ಸಂಜೆ ಹೆಂಡತಿಗೆ ಹೇಳಿದ: "ನಾಳೆ ಬೆಳಿಗ್ಗೆ ನೀನು ಕುಲುಮೆ ಕಡೆ ಬರಲೇಬೇಡ. ನಾನೇ ನೋಡ್ಕೋತೀನಿ."

ಅವಳ ಕಣ್ಣು ತುಂಬಿ ಬಂತು. "ನಂಗೆಲ್ಲ ಗೊತ್ತು ಬಿಡಿ," ಎಂದಳು.

ಇವಳಿಗೂ ಗೊತ್ತೇ? ಆದರೆ ಅವಳು ನಗುತ್ತ ಒಳಗೆ ಹೋದಳು. ಅವನಿಗೆ ಏನೂ ಅರ್ಥವಾಗಲಿಲ್ಲ.

ಶನಿವಾರ ಹೊತ್ತು ಮೂಡುವ ಮುಂಚೆ ಅವನು ಎದ್ದು, ಬೂದಿಯೊಳಗಿನ ಕೆಂಡ ಕೆದಕಿ, ಸುತ್ತಿಗೆಯ ಹಿಡಿಯನ್ನು ಅದರಲ್ಲಿಟ್ಟ. ಕೆಂಪಗಾಯಿತು. ತೆಗೆದು ಕೆಂಪು ಆರುವವರೆಗೆ ಕಾದ. ಇಕ್ಕಳದಲ್ಲಿ ಹಿಡಿದು ಅದನ್ನು ಅದರ ಜಾಗದಲ್ಲೇ, ಇದ್ದಲಿನ ಪಕ್ಕದ ಕಲ್ಲಿನ ಮೇಲೆ ಇಟ್ಟ. ಒಳಗೆ ಹೋಗಿ ಕಂಬಳಿ ಹೊದ್ದುಕೊಂಡ. ಹೆಂಡತಿ ನಿದ್ದೆಯಲ್ಲೇ ಅವನ ಕಡೆ ಸರಿದಳು.

ಅವನು ಕಿವಿ ನಿಮಿರಿಸಿ ಕಾದ. ಹೆಜ್ಜೆಯ ಸದ್ದು. ಕೊಡ ಕೆಳಗಿಟ್ಟ ಸದ್ದು. ಆಮೇಲೆ ಒಂದು ಕೂಗು. ಕೂಗಿನ ಅರ್ಧದಲ್ಲೇ ಯಾರೋ ಬಾಯಿ ಅದುಮಿಕೊಂಡರು.

ಸಿಕ್ಕಿಬಿದ್ದ, ಎಂದುಕೊಂಡ ಕಮ್ಮಾರ. ಎದ್ದು ಹೋಗಲಿಲ್ಲ. ತುಂಬ ಹೊತ್ತು ನಿಶ್ಶಬ್ದ. ಹೋದರು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಸದ್ದು ಶುರುವಾಯಿತು. ಟಕ್. ತಡೆದು ಮತ್ತೊಂದು, ಟಕ್. ಇದು ಸುತ್ತಿಗೆಯ ಸದ್ದಲ್ಲ. ಕಲ್ಲಿನ ಸದ್ದು.

ಬೆಳಕು ಹರಿದ ಮೇಲೆ ಹೋಗಿ ನೋಡಿದ. ಸುತ್ತಿಗೆ ಮಣ್ಣಿನಲ್ಲಿ ಬಿದ್ದಿತ್ತು. ಒಂದು ದಪ್ಪ ಕಲ್ಲಿನಿಂದ ಇದ್ದಲನ್ನು ಅಷ್ಟೂ ಒಡೆದಿದ್ದರು. ತೊಟ್ಟಿಯೂ ತುಂಬಿತ್ತು.

ಆಗಲಾದರೂ ಅವನ ಕಣ್ಣು ತೆರೆಯಬೇಕಿತ್ತು. ಸುಟ್ಟ ಕೈಯಲ್ಲಿ ಯಾರು ಅಣಕಿಸಲು ಇದ್ದಲು ಒಡೆಯುತ್ತಾರೆ? ಆದರೆ ಹೆದರಿದವನ ತಲೆಗೆ ಇಂಥ ಪ್ರಶ್ನೆ ಬರುವುದಿಲ್ಲ. ಎಂಥ ಹಟಮಾರಿ, ಎಂದಷ್ಟೇ ಅಂದುಕೊಂಡ.

ಭಾನುವಾರ ದೇವಾಲಯದಲ್ಲಿ ಅವನು ಮುಂದಿನ ಕಂಬದ ಪಕ್ಕ ನಿಂತ. ಬಲಿಪೀಠದ ಬಳಿ ಬಡಗಿ ಕೆತ್ತಿದ ಗೋದಲಿ ಇತ್ತು. ಮೊಂಡು ಬಾಚಿಯ ಏಟುಗಳು ಮರದ ಮೇಲೆ ಒರಟೊರಟಾಗಿ ಕಾಣುತ್ತಿದ್ದವು. ಜನ ಪ್ರಸಾದಕ್ಕೆ ಸಾಲು ನಿಂತರು. ಕಮ್ಮಾರ ಒಂದೊಂದೇ ಅಂಗೈ ನೋಡುತ್ತ ಹೋದ. ಬಡಗಿಯ ಅಂಗೈಯಲ್ಲಿ ಜಡ್ಡು ಮಾತ್ರ ಇತ್ತು. ಕುಂಬಾರನದು ಸರಿಯಾಗಿತ್ತು. ದರ್ಜಿಯದು ಸರಿಯಾಗಿತ್ತು. ತಾನೂ ಕೈ ಚಾಚಬೇಕೆಂಬುದು ಅವನಿಗೆ ನೆನಪೇ ಆಗಲಿಲ್ಲ.

ಸಾಲಿನ ಕೊನೆಯಲ್ಲಿ ಸೂಲಗಿತ್ತಿ ಅಜ್ಜಿ ಬಂದಳು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಕೈ ಚಾಚದೆ ಪ್ರಸಾದಕ್ಕೆ ನಾಲಗೆ ಒಡ್ಡಿದಳು. ತಿರುಗಿ ಹೋಗುವಾಗ ಸೆರಗು ಸರಿಯಿತು. ಕೈಗೆ ಬಾಳೆಲೆ ಸುತ್ತಿ ಬಟ್ಟೆ ಕಟ್ಟಿತ್ತು.

ಕಮ್ಮಾರ ಕಕ್ಕಾಬಿಕ್ಕಿಯಾದ. ಅಜ್ಜಿಯೇ? ಮೊಳೆ ಎತ್ತಿದ ದಿನ ಅವಳು ದೇವಾಲಯದ ಹಿಂದಿನ ಬಾಗಿಲಲ್ಲಿದ್ದಳು. ಅವಳ ಕಣ್ಣಿಗೆ ಮಡಕೆಯೇ ಸರಿಯಾಗಿ ಕಂಡಿರಲಾರದು. ಮತ್ತೆ ಅವಳಿಗೆ ಹೇಗೆ ಗೊತ್ತಾಯಿತು?

ಅವನು ಹೀಗೆ ಯೋಚಿಸುತ್ತಿರುವಾಗಲೇ ಹೆಂಗಸರ ಕಡೆ ಗದ್ದಲವಾಯಿತು. ಅವನ ಹೆಂಡತಿ ಗೋಡೆ ಹಿಡಿದು ಕುಸಿದಿದ್ದಳು. ನೋವು ಶುರುವಾಗಿತ್ತು.

ಹೆಂಗಸರು ಅವಳನ್ನು ನಡೆಸಿಕೊಂಡು ಮನೆಗೆ ತಂದರು. ಕಮ್ಮಾರ ಕುಲುಮೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಳಗಿನ ನರಳಾಟ ಏರುತ್ತಲೇ ಹೋಯಿತು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಕೊನೆಗೆ ಅಜ್ಜಿ ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಮಗು ಅಡ್ಡ ಮಲಗದೆ ಕಣಪ್ಪ. ತಿರುಗಿಸ್ಬೇಕು. ನಂಗೆ ಎರಡು ಕೈ ಬೇಕು, ಒಂದೇ ಅದೆ. ಕುಂಬಾರನ ಹೆಂಡ್ತೀಗೆ ಹೇಳ್ಕೊಟ್ಟೆ, ಅವಳ ಕೈ ನಡುಗ್ತದೆ. ನೀನು ಬಾ."

"ನಾನಾ? ಅಜ್ಜಿ, ಗಂಡಸು ಹೆರಿಗೆ ಕೋಣೆಗೆ..."

"ನನ್ನ ಕೈ ನೆಟ್ಟಗಿದ್ದಿದ್ರೆ ನಿನ್ನ ಯಾಕೆ ಕರೀತಿದ್ದೆ?" ಅವಳು ಬಟ್ಟೆ ಬಿಚ್ಚಿದಳು. ಬೊಬ್ಬೆ ಒಡೆದಿತ್ತು. ಅಂಗೈಯ ಉದ್ದಕ್ಕೂ ಓರೆಯಾಗಿ ಬರೆ ಎಳೆದಂತೆ ಗೆರೆಗಳು. ಹೊಸೆದ ಹಿಡಿಯ ಅಚ್ಚು. "ನಿನ್ನ ಸುತ್ತಿಗೆ ಬಿಸಿ ಇತ್ತು. ನೋಡಿ ಹಿಡೀಬೇಕಿತ್ತು, ನಂದೇ ತಪ್ಪು. ಈಗ ಅದೆಲ್ಲ ಬೇಡ. ಕೈ ತೊಳ್ಕೊಂಡು ಬೇಗ ಬಾ, ಹೊತ್ತಿಲ್ಲ."

ಅವಳಿಗೆ ಅವನ ಮೇಲೆ ಅನುಮಾನ ಕೂಡ ಇರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನು ಕೈ ತೊಳೆದ. ಅಜ್ಜಿ ಎಡಗೈಯಲ್ಲೇ ಅವನ ಎರಡೂ ಅಂಗೈಗೆ ಹರಳೆಣ್ಣೆ ಸುರಿದಳು. ಒಳಗೆ ಹೆಂಡತಿ ಬೆವರಿನಲ್ಲಿ ತೊಯ್ದು ಮಲಗಿದ್ದಳು. ಅಜ್ಜಿ ಅವನ ಕೈಗಳನ್ನು ಹಿಡಿದು ಅವಳ ಹೊಟ್ಟೆಯ ಮೇಲೆ ಇಟ್ಟು ತೋರಿಸಿದಳು. ಇಲ್ಲಿ ತಲೆ, ಇಲ್ಲಿ ಕುಂಡೆ. ನೋವು ಬಂದಾಗ ಬಿಡು. ನೋವು ಇಳಿದಾಗ ಒತ್ತು. ಬಡಿಯೋ ಹಾಗಲ್ಲ, ಸರಿಸೋ ಹಾಗೆ.

ಅವನು ಒತ್ತಲಾರದೆ ಕೈ ಹಿಂದಕ್ಕೆ ಎಳೆದುಕೊಂಡ.

ಹೆಂಡತಿ ಕಣ್ಣು ತೆರೆದು ಅವನನ್ನು ನೋಡಿದಳು. "ಹೆದರ್ಕೋಬೇಡಿ," ಎಂದಳು. "ದಿನಾ ನನಗೋಸ್ಕರ ಇದ್ದಲು ಒಡೆದ ಕೈ ಅಲ್ವಾ. ಒತ್ತಿ. ನಂಗೆ ಭಯ ಇಲ್ಲ."

ಅಜ್ಜಿ ತಲೆಯೆತ್ತಿ ಕಮ್ಮಾರನ ಮುಖ ನೋಡಿದಳು.

ಆ ಒಂದು ಗಳಿಗೆಯಲ್ಲಿ ಕಮ್ಮಾರನಿಗೆ ಎಲ್ಲವೂ ತಿಳಿಯಿತು. ತುಪ್ಪ ಏಕೆ, ನಗು ಏಕೆ, ತುಂಬಿದ ಕಣ್ಣು ಏಕೆ. ಅಜ್ಜಿ ಬಂದದ್ದು ಯಾರಿಗಾಗಿ. ನಿಜ ಹೇಳಬೇಕೆಂದು ಬಾಯಿಗೆ ಬಂತು. ಹೇಳಿದರೆ ಅವಳ ಧೈರ್ಯ ಅಲ್ಲೇ ಮುರಿಯುತ್ತದೆ. ತನ್ನದಲ್ಲದ ಹೊಗಳಿಕೆಯನ್ನು ನುಂಗಿಕೊಂಡು ಅವನು ಒತ್ತಿದ.

ನೋವು ಬಂದಾಗ ಬಿಟ್ಟ. ಇಳಿದಾಗ ಒತ್ತಿದ. ಕುಲುಮೆಯಲ್ಲಿ ಅವನೆಂದೂ ಕಾದವನಲ್ಲ, ಕಬ್ಬಿಣ ಕೆಂಪಾದ ಕೂಡಲೇ ಬಡಿದು ಅಭ್ಯಾಸ. ಇಲ್ಲಿ ಕಾಯಬೇಕಿತ್ತು. ಅವನ ಬೆವರು ಅವಳ ಹೊಟ್ಟೆಯ ಮೇಲೆ ತೊಟ್ಟಿಕ್ಕಿತು. ಎಷ್ಟೋ ಹೊತ್ತಿನ ಮೇಲೆ ಅಂಗೈಯ ಕೆಳಗೆ ಏನೋ ಮೆಲ್ಲಗೆ ಹೊರಳಿತು.

"ಬಂತು," ಎಂದಳು ಅಜ್ಜಿ. "ಕೈ ತೆಗೀಬೇಡ. ಹಾಗೇ ಹಿಡ್ಕೊ."

ಹೊತ್ತು ಮುಳುಗುವ ಮುಂಚೆ ಮಗು ಅತ್ತಿತು. ಹೆಣ್ಣು ಮಗು. ತಾಯಿಯೂ ಉಳಿದಳು.

ಅಜ್ಜಿ ಬಿಸಿನೀರಿಗೆಂದು ಹೊರಗೆ ಬಂದಾಗ ಕಮ್ಮಾರ ಸೊಂಟದಿಂದ ಚಿಂದಿ ತೆಗೆದು ಬಿಚ್ಚಿ ಮೊಳೆಯನ್ನು ತೋರಿಸಿದ. ಎಲ್ಲವನ್ನೂ ಹೇಳಿದ. ಸುತ್ತಿಗೆಯನ್ನೂ ತಾನೇ ಕೆಂಡದಲ್ಲಿಟ್ಟದ್ದು ಎಂದ.

"ಬೇಕಂತಲೇ ಕಾಯಿಸಿಟ್ಟೆಯಾ?" ಎಂದಳು ಅಜ್ಜಿ.

ಅವನು ಹೌದೆಂದು ತಲೆಯಾಡಿಸಿದ.

ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. "ಈ ಊರಿನ ಅರ್ಧ ಜನ ಈ ಕೈಯಾಗೆ ಹುಟ್ಟವ್ರೆ. ನೀನೂ ಇದರಾಗೇ ಹುಟ್ಟಿದ್ದು. ನಿನ್ನ ಮೊಳೆ ಯಾರ ಹತ್ರ ಅದೆ ಅಂತ ನಂಗೇನು ಗೊತ್ತು? ನಂಗೆ ಬಂದಿದ್ದು ದರ್ಜಿ ಮನೆ, ಅದನ್ನೂ ಮಾಡ್ತಿದ್ದೆ. ನೀರಿಗೆ ಹೋಗೋವಾಗ ಒಂದಿನ ನೋಡ್ದೆ, ಆ ಹೊಟ್ಟೆ ಇಟ್ಕೊಂಡು ಇವಳು ಬಗ್ಗಿ ಇದ್ದಲು ಒಡೀತಿದ್ಳು. ನೋಡ್ಕೊಂಡು ಹೆಂಗೆ ಮುಂದಕ್ಕೆ ಹೋಗ್ಲಿ?"

"ನಂಗೆ ನನ್ನದೇ ಮೊಳೆ ಬಂತು ಅಜ್ಜಿ. ಅದಕ್ಕೇ, ಯಾರಿಗೂ ಮಾಡ್ಬೇಕಾದ್ದಿಲ್ಲ ಅಂದ್ಕೊಂಡೆ."

"ಅದು ಮನೆ ಗುರುತಲ್ವೇನೋ," ಎಂದಳು ಅಜ್ಜಿ. "ಆ ಮನೇಲಿ ನೀನೊಬ್ಬನೇ ಇದ್ಯಾ?"

ಕಮ್ಮಾರ ಮೊಳೆಯನ್ನು ಮತ್ತೆ ಚಿಂದಿಯಲ್ಲಿ ಸುತ್ತಿದ. "ನನ್ನ ಹತ್ರ ಹೇಳಿದ್ದಾಯ್ತು," ಎಂದಳು ಅಜ್ಜಿ, ನೀರಿನ ಪಾತ್ರೆಯನ್ನು ಎಡಗೈಯಲ್ಲಿ ಎತ್ತಿಕೊಳ್ಳುತ್ತ. "ಹೇಳ್ಬೇಕಾದೋಳು ಒಳಗವಳೆ."

ಅವನು ಒಳಗೆ ಹೋಗಿ ಹೇಳಿದ. ಹೆಂಡತಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಎಲ್ಲವನ್ನೂ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು: "ಒಂದು ದಿನಾನೂ ನೀವಲ್ವಾ?"

"ಒಂದು ದಿನಾನೂ ಅಲ್ಲ."

ಅವಳು ಗೋಡೆಯ ಕಡೆಗೆ ತಿರುಗಿಕೊಂಡಳು.

ಮರುದಿನ ಬೆಳಗಿನ ಜಾವ ಕಮ್ಮಾರ ಇದ್ದಲು ಒಡೆದ. ತೊಟ್ಟಿ ತುಂಬಿಸಿದ. ಅಜ್ಜಿಯ ಮನೆಗೆ ನೀರು ಹೊತ್ತ, ಅವಳ ಒಲೆ ಹಚ್ಚಿದ, ಅವಳ ಅಂಗೈಗೆ ಎಣ್ಣೆ ಹಚ್ಚಿದ. ಅವಳ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಬಡಗಿಯ ಮನೆಗೆ ಹೋಗಿ ಬಾಚಿ ಕೇಳಿ ತಂದು ಸಾಣೆ ಹಿಡಿದು ಕೊಟ್ಟ. ಇದೆಲ್ಲವನ್ನೂ ಹಗಲಲ್ಲೇ, ಎಲ್ಲರಿಗೂ ಕಾಣುವಂತೆ ಮಾಡಿದ. ಇನ್ನು ಗುಟ್ಟು ಎಂದರೆ ಅವನಿಗೆ ವಾಕರಿಕೆ. ಹೆಂಡತಿ ಅವನಿಗೆ ಊಟ ಬಡಿಸಲಾರದ ಸ್ಥಿತಿಯಲ್ಲಿದ್ದಳು. ಅವನೇ ಬೇಯಿಸಿ ಅವಳ ಮುಂದಿಟ್ಟ. ಅವಳು ಗೋಡೆಯ ಕಡೆ ತಿರುಗಿಯೇ ಉಂಡಳು.

ಹಬ್ಬದ ಬೆಳಿಗ್ಗೆ ದೇವಾಲಯದಲ್ಲಿ ಎಲ್ಲರೂ ಗುರುತುಗಳನ್ನು ಕೊಟ್ಟು ಅಪ್ಪಿಕೊಂಡರು. ಕಮ್ಮಾರ ಗೋದಲಿಯ ಮುಂದೆ ನಿಂತು ಮೊಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದ. ಏನನ್ನೂ ಬಿಡದೆ ಹೇಳಿದ. ಯಾವುದಕ್ಕೆ ಅಷ್ಟು ದಿನ ಹೆದರಿ ಸತ್ತಿದ್ದನೋ ಅದನ್ನು ತಾನೇ ಮಾಡಿದ. ಜನ ಗುಸುಗುಸು ಎಂದರು. ಕೆಲವರು ಮುಖ ತಿರುಗಿಸಿದರು. ಅವನು ಅದನ್ನೂ ಸಹಿಸಿಕೊಂಡು ಮನೆಗೆ ಬಂದ.

ಅಜ್ಜಿ ಬಾಣಂತಿಯ ಕೋಣೆಯಲ್ಲಿ ಎಡಗೈಯಲ್ಲಿ ಮಗುವನ್ನು ಆಡಿಸುತ್ತಿದ್ದಳು. ಕಮ್ಮಾರ ಹೊಸ್ತಿಲಲ್ಲಿ ನಿಂತು ಹೆಂಡತಿಯ ಕಡೆಗೆ ಮೊಳೆಯನ್ನು ಚಾಚಿದ.

"ನನಗೆ ಬಂದದ್ದು ನಿನ್ನ ಮನೆ," ಎಂದ.

ಅವಳು ಕಮ್ಮಾರನ ಹೆಂಡತಿ. ಕೂಡಲೇ ಕೈ ಚಾಚಲಿಲ್ಲ. ಕೈಯ ಬೆನ್ನನ್ನು ಮೊಳೆಯ ಹತ್ತಿರ ಹಿಡಿದು, ಕಾವು ಇದೆಯೇ ಎಂದು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತೆಗೆದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಇನ್ನಾಸಪ್ಪ ದೀರ್ಘವಾಗಿ ಉಸಿರುಬಿಟ್ಟ.

"ಎಂಥ ಕುರುಡ, ಗುರುಗಳೇ!" ಎಂದ. "ದಿನವೂ ತನಗಾಗಿ ಮೈಮುರಿದು ದುಡಿಯುತ್ತಿದ್ದವಳು ಅವನ ಕಣ್ಣಿಗೇ ಬೀಳಲಿಲ್ಲವಲ್ಲ!"

ಅಡುಗೆಮನೆಯಲ್ಲಿ ಚೌರಪ್ಪ ಮತ್ತೆ ಕೆಮ್ಮಿದ. ಖಾಲಿ ಕೊಡಗಳನ್ನು ಎತ್ತಿಕೊಂಡು, ಬಾಗಿಲು ದಾಟಿ, ಗುಡ್ಡದ ಮೆಟ್ಟಿಲುಗಳ ಕಡೆಗೆ ನಡೆಯುವ ಸದ್ದು ಕೇಳಿಸಿತು.

"ಇನ್ನಾಸಪ್ಪ," ಎಂದರು ಗುರುಗಳು, "ಈಗ ನೀನು ಸ್ನಾನ ಮಾಡಿ ಬಂದೆಯಲ್ಲ, ಆ ನೀರು ಹೊತ್ತು ತಂದವರು ಯಾರು?"